ಸಂಬಳದ ಹಣ ಸರ್ಕಾರದ್ದು, ಮಾಲೀಕರು ಯಾರು?

ನ್ಯೂಯಾರ್ಕ್ ನಗರದಲ್ಲಿ ಹಾಸಿಗೆ ಹಿಡಿದವರ ಆರೈಕೆಗೆ ಹೋಗುವ ಹೆಣ್ಣುಮಗಳು ಇಡೀ ದಿನದ ಪಾಳಿಯಲ್ಲಿದ್ದರೆ ಬೆಳಿಗ್ಗೆ ಎಂಟಕ್ಕೆ ಆ ಮನೆಯೊಳಗೆ ಕಾಲಿಟ್ಟವಳು ಮರುದಿನ ಎಂಟಕ್ಕೆ ಹೊರಗೆ ಬರುತ್ತಾಳೆ. ನಡುವೆ ಮನೆ ಬಿಟ್ಟು ಕದಲುವಂತಿಲ್ಲ. ಅವಳಿದ್ದದ್ದು 24 ಗಂಟೆ, ಸಂಬಳ ಬರುವುದು 13 ಗಂಟೆಗೆ. ಉಳಿದ ಹನ್ನೊಂದರಲ್ಲಿ ಎಂಟು ಗಂಟೆ ನಿದ್ದೆಗೆ, ಮೂರು ಗಂಟೆ ಊಟಕ್ಕೆ ಎಂದು ರಾಜ್ಯದ ಕಾರ್ಮಿಕ ಇಲಾಖೆ ಲೆಕ್ಕ ಕಟ್ಟಿದೆ. ಐದು ಗಂಟೆಯಾದರೂ ಒಂದೇ ಸಮನೆ ನಿದ್ದೆ ಸಿಗದಿದ್ದರೆ ಎಂಟು ಗಂಟೆಗೂ ಸಂಬಳ ಕೊಡಬೇಕೆಂಬ ಮಾತೂ ನಿಯಮದಲ್ಲಿದೆ. ಆದರೆ ಮೈ ಹುಣ್ಣಾಗದಂತೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕಾದ ರೋಗಿಯ ಪಕ್ಕದಲ್ಲಿ ಮಲಗಿದವಳು ರಾತ್ರಿ ಎಷ್ಟು ಸಲ ಎದ್ದಳು ಎಂದು ಬರೆದಿಡುವವರು ಯಾರು? ಸಾಬೀತು ಮಾಡುವ ಹೊಣೆ ಅವಳ ಮೇಲೆಯೇ ಬೀಳುತ್ತದೆ. 2019ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಅತ್ಯುನ್ನತ ನ್ಯಾಯಾಲಯ ಈ 13 ಗಂಟೆಯ ಲೆಕ್ಕವನ್ನು ಎತ್ತಿಹಿಡಿಯಿತು. 2024ರಲ್ಲಿ ಕೆಲವು ಕಾರ್ಯಕರ್ತೆಯರು, ಅವರಲ್ಲಿ ಹೆಚ್ಚಿನವರು ಚೀನಾದಿಂದ ವಲಸೆ ಬಂದವರು, ನಗರ ಸಭಾಭವನದ ಮುಂದೆ ಉಪವಾಸ ಕೂತರು.

ಈ ಹಣ ಬಹುಪಾಲು ಸರ್ಕಾರದ್ದು. ಬಡವರಿಗಾಗಿ 1965ರಲ್ಲಿ ಶುರುವಾದ ಮೆಡಿಕೇಡ್ ಯೋಜನೆಯ ಬೊಕ್ಕಸದಿಂದ ಬರುವಂಥದ್ದು. ಒಂದಿಷ್ಟನ್ನು ಕೇಂದ್ರ ಸರ್ಕಾರ ಹಾಕುತ್ತದೆ, ಉಳಿದದ್ದನ್ನು ರಾಜ್ಯ ಸರ್ಕಾರ. ಮೊದಲು ಈ ಹಣ ಹೆಚ್ಚಾಗಿ ನರ್ಸಿಂಗ್ ಹೋಮ್‌ಗಳಿಗೆ ಹೋಗುತ್ತಿತ್ತು. ಮನೆಯಲ್ಲೇ ಆರೈಕೆ ಕೊಡಿಸಲು ರಾಜ್ಯಗಳಿಗೆ ದಾರಿ ಬಿಟ್ಟುಕೊಟ್ಟದ್ದು 1981ರ ಕಾನೂನು. ಅಂಗವಿಕಲರನ್ನು ಕಾರಣವಿಲ್ಲದೆ ಸಂಸ್ಥೆಗಳಲ್ಲಿ ಕೂಡಿಹಾಕುವುದು ತಾರತಮ್ಯ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಓಲ್ಮ್‌ಸ್ಟೆಡ್ ಪ್ರಕರಣದಲ್ಲಿ ಹೇಳಿದ ಮೇಲೆ ಮನೆ ಆರೈಕೆ ಇನ್ನಷ್ಟು ಬೆಳೆಯಿತು. ಅದು ಒಳ್ಳೆಯ ತೀರ್ಪು. ತನ್ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ, ತನಗೆ ಬೇಕಾದ ಹೊತ್ತಿಗೆ ಎದ್ದು ಬದುಕುವುದು ಎಲ್ಲರ ಹಕ್ಕು. ಆದರೆ ಆ ಹಕ್ಕನ್ನು ದಿನವೂ ಕೈಯಾರೆ ನಡೆಸಿಕೊಡುವವರ ಸಂಬಳದ ಲೆಕ್ಕ ಇಟ್ಟವರಿಗೆ ಅಷ್ಟೇ ಕಾಳಜಿ ಇರಲಿಲ್ಲ. ಗಂಟೆಗೆ ಎಷ್ಟು ಎಂದು ಗೊತ್ತುಮಾಡುವುದು ಸರ್ಕಾರ, ವಾರಕ್ಕೆ ಎಷ್ಟು ಗಂಟೆ ಎಂದು ಅಳೆಯುವುದು ಸರ್ಕಾರ, ದುಡ್ಡು ಹಾಕುವುದೂ ಸರ್ಕಾರ. ಓವರ್‌ಟೈಮ್, ವಿಮೆ, ಪಿಂಚಣಿಯ ಪ್ರಶ್ನೆ ಬಂದಾಗ ಮಾತ್ರ ಮಾಲೀಕ ಹಾಸಿಗೆಯಲ್ಲಿ ಮಲಗಿರುವ ರೋಗಿ, ಅಥವಾ ನಡುವಿನ ಏಜೆನ್ಸಿ. ಈ ಕೆಲಸಗಾರರ ಸಂಬಳದ ನಿಯಮಗಳಲ್ಲಿರುವ ಹೆಚ್ಚಿನ ತೊಡಕುಗಳ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಇದರ ಚರಿತ್ರೆ ಹಳೆಯದು. ಕನಿಷ್ಠ ಕೂಲಿ, ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆಪಟ್ಟು ಸಂಬಳ ಎಂಬ ಹಕ್ಕುಗಳಿಗೆ ಬುನಾದಿ ಹಾಕಿದ ಅಮೆರಿಕದ ಕಾರ್ಮಿಕ ಕಾನೂನು ಬಂದದ್ದು 1938ರಲ್ಲಿ. ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಅದು ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಈ ಎರಡೂ ಕೆಲಸಗಳಲ್ಲಿ ಇದ್ದವರು ಹೆಚ್ಚಾಗಿ ಕಪ್ಪು ಜನ. 1974ರಲ್ಲಿ ತಿದ್ದುಪಡಿಯಾಗಿ ಮನೆಗೆಲಸದವರು ಒಳಗೆ ಬಂದರು. ಬಂದರೂ, ವಯಸ್ಸಾದವರಿಗೆ, ಅಶಕ್ತರಿಗೆ ಜೊತೆಯಾಗಿರುವವರಿಗೆ ಇದು ಅನ್ವಯಿಸದು ಎಂಬ ವಿನಾಯಿತಿ ಸೇರಿಕೊಂಡಿತು. ಪಕ್ಕದ ಮನೆಯ ಹುಡುಗಿ ಸಂಜೆ ಬಂದು ಅಜ್ಜಿಗೆ ಪತ್ರಿಕೆ ಓದಿ ಹೇಳಿ ಹೋಗುವುದಕ್ಕೆ ಕಾನೂನು ಯಾಕೆ ಎಂಬ ಯೋಚನೆ ಅದರ ಹಿಂದೆ ಇದ್ದಿರಬಹುದು. ಆದರೆ ಮರುವರ್ಷ ಕಾರ್ಮಿಕ ಇಲಾಖೆ ಬರೆದ ನಿಯಮ ಆ ವಿನಾಯಿತಿಯನ್ನು ಲಾಭಕ್ಕೆ ನಡೆಯುವ ಏಜೆನ್ಸಿಗಳಿಗೂ ಕೊಟ್ಟುಬಿಟ್ಟಿತು. ಸ್ನಾನ ಮಾಡಿಸಿ, ಔಷಧಿ ಕೊಟ್ಟು, ಮಲಮೂತ್ರ ಬಾಚಿ, ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವ ಲಕ್ಷಾಂತರ ಹೆಂಗಸರ ಓವರ್‌ಟೈಮ್ ಒಂದು ಇಲಾಖೆಯ ಒಂದು ಸಾಲಿನಲ್ಲಿ ಹೋಯಿತು.

ಎವೆಲಿನ್ ಕೋಕ್ ಎಂಬಾಕೆ ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದರು. ಜಮೈಕಾದಿಂದ ವಲಸೆ ಬಂದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ನೆಲೆಸಿದ್ದ ಅವರು ವಾರಕ್ಕೆ 70 ಗಂಟೆಯವರೆಗೂ ದುಡಿದವರು, ಓವರ್‌ಟೈಮ್ ಕಂಡವರಲ್ಲ. 2007ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಅವರ ವಿರುದ್ಧ ತೀರ್ಪಿತ್ತರು. ನಿಯಮ ಸರಿಯೋ ತಪ್ಪೋ ಎಂಬುದಕ್ಕಿಂತ ಅಂಥ ನಿಯಮ ಮಾಡುವ ಅಧಿಕಾರ ಇಲಾಖೆಗಿತ್ತು ಎಂಬುದು ತೀರ್ಪಿನ ತಿರುಳು. ಕೋಕ್ 2009ರಲ್ಲಿ ತೀರಿಕೊಂಡರು. ಅದೇ ಅಧಿಕಾರವನ್ನು ಬಳಸಿ ಒಬಾಮಾ ಸರ್ಕಾರ 2013ರಲ್ಲಿ ನಿಯಮವನ್ನು ತಿದ್ದಿತು: ಏಜೆನ್ಸಿಗಳಿಗೆ ಇನ್ನು ವಿನಾಯಿತಿ ಇಲ್ಲ. ಜಾರಿಯಾಗಬೇಕಿದ್ದ ಹೊತ್ತಿಗೆ ಕೆಳಗಿನ ನ್ಯಾಯಾಲಯ ಅದನ್ನು ಹೊಡೆದುಹಾಕಿತು. 2015ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಮತ್ತೆ ಎಬ್ಬಿಸಿ ನಿಲ್ಲಿಸಿತು. ನಲವತ್ತು ವರ್ಷ ಬೇಕಾಯಿತು.

ಓವರ್‌ಟೈಮ್ ಕಥೆ ಸ್ವಲ್ಪವಾದರೂ ಪತ್ರಿಕೆಗಳಲ್ಲಿ ಬಂದಿದೆ. ಸಂಬಳದಿಂದ ಆಗುವ ಕಡಿತದ ಕಥೆ ಹೊರಗಿನವರ ಕಿವಿಗೆ ಬಿದ್ದದ್ದು ಕಡಿಮೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮೆಡಿಕೇಡ್‌ನ ಮೊದಲ ವರ್ಷಗಳಲ್ಲಿ ಸರ್ಕಾರದಿಂದ ಬಿಲ್ ಪಾಸಾಗುವುದು ತಡವಾಗುತ್ತಿತ್ತು. ಕಾಯಲಾರದ ಕೆಲ ವೈದ್ಯರು ತಮಗೆ ಬರಬೇಕಾದ ಬಾಕಿಯನ್ನು ಕಡಿಮೆ ಬೆಲೆಗೆ ವಸೂಲಿ ಕಂಪನಿಗಳಿಗೆ ಮಾರುತ್ತಿದ್ದರು. ಆ ಕಂಪನಿಗಳು ಬಿಲ್ಲುಗಳನ್ನು ಉಬ್ಬಿಸಿ, ಇಲ್ಲದ್ದನ್ನೂ ಸೇರಿಸಿ ಸರ್ಕಾರದಿಂದ ಕೀಳುತ್ತಿದ್ದವು. ಇದನ್ನು ತಡೆಯಲು ಸಂಸತ್ತು 1972ರಲ್ಲಿ ಒಂದು ಕಲಮು ಸೇರಿಸಿತು: ಮೆಡಿಕೇಡ್ ಹಣ ಸೇವೆ ಕೊಟ್ಟವರ ಕೈಗೇ ನೇರವಾಗಿ ಹೋಗಬೇಕು, ಮೂರನೆಯವರ ಹೆಸರಿಗೆ ವರ್ಗಾಯಿಸುವಂತಿಲ್ಲ. ಅಧಿಕಾರಪತ್ರ ಬರೆದುಕೊಟ್ಟು ತಪ್ಪಿಸಿಕೊಳ್ಳುತ್ತಿದ್ದವರನ್ನು 1977ರ ತಿದ್ದುಪಡಿ ತಡೆಯಿತು. ನ್ಯಾಯವಾದ ಕಾನೂನು. ಆಗ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ವೈದ್ಯರು, ಮಧ್ಯವರ್ತಿಗಳು. ಗಂಟೆಗೂಲಿಯ ಆರೈಕೆದಾರಳು ಅವರಿಗೆ ಕಂಡೇ ಇರಲಿಲ್ಲ, ಏಕೆಂದರೆ ಅಂಥ ಕಾರ್ಯಕ್ರಮ ಆಗ ಬೆಳೆದಿರಲಿಲ್ಲ.

ಈಗ ಅವಳನ್ನು ನೋಡಿ. ಬ್ಯಾಂಕಿನ ಗುಮಾಸ್ತನಿಗೆ, ಶಾಲೆಯ ಶಿಕ್ಷಕಿಗೆ ಆರೋಗ್ಯ ವಿಮೆಯ ಕಂತು, ಸಂಘದ ಚಂದಾ, ತರಬೇತಿ ನಿಧಿ ಎಲ್ಲ ಸಂಬಳದಲ್ಲೇ ಮುರಿದುಕೊಂಡು ಉಳಿದದ್ದು ಖಾತೆಗೆ ಬರುತ್ತದೆ. ಮರೆತುಹೋಗುವ ಭಯವಿಲ್ಲ, ಕಂತು ತಪ್ಪಿ ವಿಮೆ ಕಡಿದುಹೋಗುವ ಭಯವಿಲ್ಲ. ರೋಗಿಯೇ ಮಾಲೀಕ ಎಂದು ಕಾಗದದಲ್ಲಿ ಬರೆದಿರುವ ಆರೈಕೆದಾರಳಿಗೆ ಸಂಬಳ ಹಾಕುವ ರಾಜ್ಯ ಸರ್ಕಾರ ಅದೇ ಅನುಕೂಲ ಮಾಡಿಕೊಟ್ಟರೆ ಮೆಡಿಕೇಡ್ ಹಣವನ್ನು ಮೂರನೆಯವರಿಗೆ ವರ್ಗಾಯಿಸಿದಂತೆ ಆಗುತ್ತದೆಯೇ? 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇಲ್ಲ ಎಂದಿತು. ವಿಮೆ, ತರಬೇತಿ, ನೌಕರರಿಗೆ ಸಾಮಾನ್ಯವಾಗಿ ಇರುವ ಇತರ ಸೌಲಭ್ಯಗಳಿಗೆ ಕಡಿತ ಮಾಡಬಹುದು ಎಂದು ನಿಯಮ ಮಾಡಿತು. 2019ರ ಮೇ ತಿಂಗಳಲ್ಲಿ ಟ್ರಂಪ್ ಆಡಳಿತ ಹೌದು ಎಂದು ಆ ನಿಯಮವನ್ನು ಕಿತ್ತುಹಾಕಿತು. ಕ್ಯಾಲಿಫೋರ್ನಿಯಾದ ನೇತೃತ್ವದಲ್ಲಿ ಕೆಲ ರಾಜ್ಯಗಳು ಮೊಕದ್ದಮೆ ಹೂಡಿದವು. 2020ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ನ್ಯಾಯಾಧೀಶರು ಆ ಕ್ರಮವನ್ನು ರದ್ದುಮಾಡಿದರು. 2022ರ ಮೇನಲ್ಲಿ ಬೈಡನ್ ಆಡಳಿತ, ಕಾರ್ಯಕರ್ತೆಯ ಒಪ್ಪಿಗೆ ಇರಬೇಕೆಂಬ ಷರತ್ತಿನೊಡನೆ, ಕಡಿತವನ್ನು ಮತ್ತೆ ನಿಯಮದಲ್ಲಿ ಬರೆಯಿತು.

ವಿರೋಧಿಸಿದವರ ಮಾತಿನಲ್ಲೂ ಕೇಳಬೇಕಾದದ್ದು ಇದೆ. ಈ ಕಡಿತದ ದೊಡ್ಡ ಫಲಾನುಭವಿಗಳು ಕಾರ್ಮಿಕ ಸಂಘಗಳು, ಎಷ್ಟೋ ಜನರಿಗೆ ತಮ್ಮ ಸಂಬಳದಿಂದ ಚಂದಾ ಹೋಗುತ್ತಿರುವುದೇ ಗೊತ್ತಿಲ್ಲ ಎಂಬುದು ಅವರ ಆಕ್ಷೇಪ. ಇಲಿನಾಯ್ ರಾಜ್ಯದಲ್ಲಿ ಮಗನನ್ನು ನೋಡಿಕೊಳ್ಳುತ್ತಿದ್ದ ತಾಯಿ ಪಮೇಲಾ ಹ್ಯಾರಿಸ್ ಸಂಘದ ಶುಲ್ಕವನ್ನು ವಿರೋಧಿಸಿ ಕೋರ್ಟಿಗೆ ಹೋದರು. ಇಷ್ಟವಿಲ್ಲದವರಿಂದ ಸಂಘದ ಶುಲ್ಕ ಪಡೆಯುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಹೇಳಿತು; ಇವರು ಪೂರ್ಣ ಅರ್ಥದ ಸರ್ಕಾರಿ ನೌಕರರಲ್ಲ ಎಂಬುದು ಆ ತೀರ್ಪಿನ ಆಧಾರ. ಒಪ್ಪಿಗೆಯಿಲ್ಲದೆ ಬಡವಳ ಸಂಬಳದಲ್ಲಿ ಒಂದು ಡಾಲರನ್ನೂ ಮುಟ್ಟಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ಅದಕ್ಕೆ ಮದ್ದು ಸ್ಪಷ್ಟವಾದ ಸಹಿ, ಅವಳ ಭಾಷೆಯಲ್ಲಿ ಅಚ್ಚಾದ ಅರ್ಜಿ, ಬೇಕೆಂದಾಗ ಹಿಂತೆಗೆಯುವ ಹಕ್ಕು. ಸಂಘದ ಮೇಲಿನ ಸಿಟ್ಟಿಗೆ ಆರೋಗ್ಯ ವಿಮೆಯ ಕಂತನ್ನೂ ಸೇರಿಸಿ ಮುಚ್ಚಿದ್ದು ಅನ್ಯಾಯ.

ಕ್ಯಾಲಿಫೋರ್ನಿಯಾದ ಅನುಭವ ಬೇರೊಂದು ಪಾಠ ಹೇಳುತ್ತದೆ. ಅಲ್ಲಿನ ಮನೆ ಆರೈಕೆ ಕಾರ್ಯಕ್ರಮದಲ್ಲಿ ಏಳು ಲಕ್ಷಕ್ಕೂ ಹೆಚ್ಚು ವೃದ್ಧರು, ಅಂಗವಿಕಲರು ಇದ್ದಾರೆ. ಲಾಸ್ ಏಂಜಲೀಸ್‌ನ ಕಾರ್ಯಕರ್ತೆಯರು 1980ರ ದಶಕದಲ್ಲಿ ಸಂಘ ಕಟ್ಟಲು ಹೊರಟಾಗ ಎದುರಿಗೆ ಕೂತು ಮಾತಾಡುವ ಮಾಲೀಕರೇ ಸಿಗಲಿಲ್ಲ. ಕೌಂಟಿ ಸರ್ಕಾರ ಮಾಲೀಕನಲ್ಲ ಎಂದು ನ್ಯಾಯಾಲಯವೂ ಹೇಳಿತು. ಆಗ ಅವರು, ಅಂಗವಿಕಲರ ಸಂಘಟನೆಗಳ ಜೊತೆ ಕೂಡಿ, ಮಾಲೀಕನ ಜಾಗದಲ್ಲಿ ನಿಲ್ಲುವ ಸಾರ್ವಜನಿಕ ಪ್ರಾಧಿಕಾರಗಳನ್ನು ಕಾನೂನಿನ ಮೂಲಕ ಸೃಷ್ಟಿಸಿಕೊಂಡರು. ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು, ಬಿಡಿಸಬೇಕು ಎಂಬ ಅಧಿಕಾರ ಆರೈಕೆ ಪಡೆಯುವವರ ಬಳಿಯೇ ಉಳಿಯಿತು. ಸಂಬಳದ ಚೌಕಾಸಿಗೆ ಪ್ರಾಧಿಕಾರ ಬಂತು. 1999ರಲ್ಲಿ 74,000 ಕಾರ್ಯಕರ್ತರು ಒಂದೇ ಮತದಾನದಲ್ಲಿ ಸಂಘಕ್ಕೆ ಸೇರಿದರು. ಆರೈಕೆ ಪಡೆಯುವವರ ಸ್ವಾತಂತ್ರ್ಯ ಮತ್ತು ಆರೈಕೆ ಕೊಡುವವರ ಸಂಬಳ ಪರಸ್ಪರ ಶತ್ರುಗಳು ಎಂದು ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಆದರೂ ಅಲ್ಲಿನ ನಿಯಮಗಳಲ್ಲಿ ಮುಳ್ಳುಗಳಿವೆ. 2016ರ ಫೆಬ್ರುವರಿಯಿಂದ ಓವರ್‌ಟೈಮ್ ಸಿಗತೊಡಗಿದಾಗಲೇ ಖರ್ಚು ಮಿತಿಮೀರದಂತೆ ಗಡಿ ಎಳೆದರು. ಒಬ್ಬರಿಗಿಂತ ಹೆಚ್ಚು ಜನರನ್ನು ನೋಡಿಕೊಳ್ಳುವವರು ವಾರಕ್ಕೆ 66 ಗಂಟೆ ಮೀರುವಂತಿಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಹೊತ್ತಿಗೂ ಸಂಬಳ ಉಂಟು, ಅದು ವಾರಕ್ಕೆ ಏಳು ಗಂಟೆವರೆಗೆ. ದಾರಿಯ ಹೊತ್ತನ್ನು ದುಡಿಮೆ ಎಂದು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಮಿತಿ ಮೀರಿದರೆ ಮೊದಲೆರಡು ಸಲ ಎಚ್ಚರಿಕೆ, ಮೂರನೆಯ ಸಲ 90 ದಿನ ಅಮಾನತು, ನಾಲ್ಕನೆಯದಕ್ಕೆ ಒಂದು ವರ್ಷ. ರೋಗಿ ರಾತ್ರಿ ಬಿದ್ದು ಪೆಟ್ಟು ಮಾಡಿಕೊಂಡಾಗ ಬಿಟ್ಟು ಹೋಗಲಾರದೆ ಉಳಿದವಳಿಗೂ ಇದೇ ಕಲಮು ಎದುರಾಗುತ್ತದೆ. ವಿವರಣೆ ಕೊಟ್ಟು ಮರುಪರಿಶೀಲನೆ ಕೇಳಬಹುದು ನಿಜ. ಆದರೆ ಅಮಾನತಾದರೆ ಅವಳ ಸಂಬಳದ ಜೊತೆಗೆ ರೋಗಿಗೆ ಆಸರೆಯಾಗಿದ್ದ ಪರಿಚಿತ ಕೈಯೂ ಹೋಗುತ್ತದೆ. ಲೆಕ್ಕದ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಬೇಕಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಕುಟುಂಬದೊಳಗಿನ ಆರೈಕೆದಾರರ ಸ್ಥಿತಿ. ಇಂಥ ಕಾರ್ಯಕ್ರಮಗಳಲ್ಲಿ ತೀವ್ರ ಅಂಗವೈಕಲ್ಯವಿರುವ ಮಗನನ್ನು ನೋಡಿಕೊಳ್ಳುವ ತಾಯಿಗೂ, ಪಾರ್ಶ್ವವಾಯುವಿಗೆ ತುತ್ತಾದ ಗಂಡನನ್ನು ನೋಡಿಕೊಳ್ಳುವ ಹೆಂಡತಿಗೂ ಹಲವೆಡೆ ಸಂಬಳ ಸಿಗುತ್ತದೆ. ಆದರೆ ಅಮೆರಿಕದ ತೆರಿಗೆ ಕಾನೂನಿನಲ್ಲಿ ಗಂಡ ಹೆಂಡತಿಗೆ, ಮಕ್ಕಳು ತಂದೆತಾಯಿಗೆ ಮನೆಯೊಳಗಿನ ಕೆಲಸಕ್ಕೆ ಕೊಡುವ ಸಂಬಳ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿಯ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರೇ ಒಬ್ಬರಿಗೊಬ್ಬರು ದುಡ್ಡು ಕೊಟ್ಟಂತೆ ತೋರಿಸಿ ಪಿಂಚಣಿ ಗಿಟ್ಟಿಸಬಾರದು ಎಂಬ ಎಚ್ಚರಿಕೆಯ ಕಲಮು ಅದು. ಇಲ್ಲಿ ದುಡ್ಡು ಬರುವುದು ಸರ್ಕಾರದಿಂದ, ಗಂಟೆ ಅಳೆಯುವುದು ಸರ್ಕಾರದ ಸಮಾಜ ಕಾರ್ಯಕರ್ತೆ. ಆದರೂ ಕಾಗದದ ಮೇಲೆ ಮಾಲೀಕ ಮಗ, ಕೆಲಸದಾಕೆ ತಾಯಿ. ಆದ್ದರಿಂದ ಕಲಮು ಅನ್ವಯ. ವೃದ್ಧಾಪ್ಯ ಪಿಂಚಣಿಗೆ 40 ಅಂಕ ಬೇಕು, ವರ್ಷಕ್ಕೆ ಸಿಗುವುದು ಹೆಚ್ಚೆಂದರೆ ನಾಲ್ಕು. ಅಂದರೆ ಹತ್ತು ವರ್ಷದ ದುಡಿಮೆ. ಈ ತಾಯಿ ಇಪ್ಪತ್ತು ವರ್ಷ ಸರ್ಕಾರದ ಸಂಬಳ ಪಡೆದು ದುಡಿದರೂ ಅವಳ ಖಾತೆಯಲ್ಲಿ ಆ ದುಡಿಮೆಯ ಅಂಕ ಸೊನ್ನೆ. ಕೆಲಸ ನಿಂತರೆ ನಿರುದ್ಯೋಗ ಭತ್ಯೆಯೂ ಇಲ್ಲ. ಅದೇ ತಾಯಿ ಏಜೆನ್ಸಿಯೊಂದರ ನೌಕರಳಾಗಿ ಅದೇ ಮಗನಿಗೆ ಅದೇ ಸ್ನಾನ ಮಾಡಿಸಿದ್ದರೆ ಎಲ್ಲವೂ ಸಿಗುತ್ತಿತ್ತು. ಬೇರೇನೂ ಸುಧಾರಣೆಯಾಗದಿದ್ದರೂ ಇದೊಂದು ಆಗಬೇಕು: ಸರ್ಕಾರದ ಹಣದಿಂದ ಬಂದ ಆರೈಕೆ ಸಂಬಳಕ್ಕೆ ಈ ಕಲಮು ಅನ್ವಯಿಸದು ಎಂದು ಸಂಸತ್ತು ಒಂದು ವಾಕ್ಯ ಸೇರಿಸಿದರೆ ಸಾಕು.

ಮೊಬೈಲಿನಲ್ಲಿ ಹಾಜರಿ ಹಾಕುವ ಪದ್ಧತಿಯ ಮಾತನ್ನೂ ಇಷ್ಟರಲ್ಲೇ ಹೇಳಿಬಿಡುತ್ತೇನೆ. 2016ರ ಡಿಸೆಂಬರ್‌ನ ಕಾನೂನೊಂದು, ಯಾವ ಸೇವೆ, ಯಾರಿಗೆ, ಯಾರಿಂದ, ಯಾವ ದಿನ, ಯಾವ ಸ್ಥಳದಲ್ಲಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬ ಆರು ಸಂಗತಿಗಳನ್ನು ವಿದ್ಯುನ್ಮಾನವಾಗಿ ದಾಖಲಿಸಬೇಕೆಂದಿತು. ಬೊಕ್ಕಸ ಸೋರದಂತೆ ನೋಡಿಕೊಳ್ಳುವುದು ಸರಿಯೇ. ಆದರೆ ಬೆಟ್ಟದೂರಿನಲ್ಲಿ ಸಿಗ್ನಲ್ ಸಿಗದಿದ್ದರೆ, ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ದು ಸ್ಥಳ ತಾಳೆಯಾಗದಿದ್ದರೆ ತಡೆಹಿಡಿಯಲ್ಪಡುವುದು ಅವಳ ಸಂಬಳ. ಯಂತ್ರದ ಸಂಶಯ ಬಗೆಹರಿಯುವವರೆಗೆ ಮೊದಲು ಸಂಬಳ ಕೊಟ್ಟು ಆಮೇಲೆ ವಿಚಾರಣೆ ಮಾಡಬೇಕು. ಜೊತೆಯಲ್ಲೇ ವಾಸಿಸುವ ಆರೈಕೆದಾರರಿಗೆ ಇದು ಕಡ್ಡಾಯವಲ್ಲ ಎಂದು 2019ರಲ್ಲಿ ಕೇಂದ್ರ ಹೇಳಿದ್ದು ಸ್ವಲ್ಪ ಸಮಾಧಾನ ತಂದಿತು.

ತಡವಾದ ಸಂಬಳ ಏನು ಮಾಡುತ್ತದೆ ಎಂಬುದು 2025ರಲ್ಲಿ ನ್ಯೂಯಾರ್ಕ್‌ನಲ್ಲಿ ಕಣ್ಣಿಗೆ ಕಂಡಿತು. ರೋಗಿಯೇ ಆರೈಕೆದಾರರನ್ನು ಆರಿಸಿಕೊಳ್ಳುವ ಅಲ್ಲಿನ ಕಾರ್ಯಕ್ರಮದಲ್ಲಿ ಆಗ ಎರಡೂವರೆ ಲಕ್ಷಕ್ಕೂ ಹೆಚ್ಚು ಫಲಾನುಭವಿಗಳಿದ್ದರು. ಅವರ ಆರೈಕೆದಾರರಿಗೆ ಸಂಬಳ ಬಟವಾಡೆ ಮಾಡುತ್ತಿದ್ದ ನೂರಾರು ಮಧ್ಯವರ್ತಿ ಸಂಸ್ಥೆಗಳನ್ನು ತೆಗೆದು ಒಂದೇ ಸಂಸ್ಥೆಗೆ ವಹಿಸಲು ರಾಜ್ಯ ನಿರ್ಧರಿಸಿ ಏಪ್ರಿಲ್ 1ರ ಗಡುವು ಇಟ್ಟಿತು. ನೂರಾರು ಕಡೆ ಕಮಿಷನ್ ಸೋರುವುದನ್ನು ನಿಲ್ಲಿಸುವ ಉದ್ದೇಶವನ್ನು ತಪ್ಪೆನ್ನಲಾಗದು. ಆದರೆ ಲಕ್ಷಾಂತರ ಜನರ ನೋಂದಣಿ ಗಡುವಿನೊಳಗೆ ಮುಗಿಯಲಿಲ್ಲ. ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಲಯ ಮಧ್ಯೆ ಬರಬೇಕಾಯಿತು. ಸಂಬಳ ಬಂದಿಲ್ಲ, ಕಡಿಮೆ ಬಂದಿದೆ ಎಂಬ ದೂರುಗಳು ವಾರಗಟ್ಟಲೆ ಕೇಳಿಬಂದವು. ಬಾಡಿಗೆ ಕಟ್ಟಲಾಗದವಳು ಬೇರೆ ಕೆಲಸ ಹುಡುಕಿಕೊಂಡು ಹೊರಟರೆ ಆ ದಿನ ಹಾಸಿಗೆಯಿಂದ ಎಬ್ಬಿಸುವವರಿಲ್ಲದೆ ಮಲಗಿರುವವರು ಆ ಅಂಗವಿಕಲರೇ. ಹಳೆಯ ಬಟವಾಡೆ ನಿಲ್ಲಿಸುವ ಮುನ್ನ ಹೊಸದು ಎರಡು ತಿಂಗಳಾದರೂ ತಪ್ಪಿಲ್ಲದೆ ನಡೆದು ತೋರಿಸಬೇಕು ಎಂಬ ಷರತ್ತು ಕಾನೂನಿನಲ್ಲೇ ಇರಬೇಕಿತ್ತು.

ನಮ್ಮ ರಾಜ್ಯದಲ್ಲೂ ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿ ಇರುವವರಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ. ಹುದ್ದೆ ಸರ್ಕಾರಿ ಅಲ್ಲದಿದ್ದರೂ ದುಡಿಮೆಯ ಹಕ್ಕು ಸೊನ್ನೆಯಾಗಬೇಕಿಲ್ಲ ಎಂಬುದಕ್ಕೆ ಹದಿನಾರು ವರ್ಷ ಕಾಯಬೇಕಾಯಿತು: 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಕಾರ್ಯಕರ್ತೆಯರ ಮೊಕದ್ದಮೆಯಲ್ಲಿ, 1972ರ ಗ್ರಾಚ್ಯುಟಿ ಕಾಯ್ದೆ ಅವರಿಗೂ ಅನ್ವಯಿಸುತ್ತದೆ ಎಂದು ಅದೇ ನ್ಯಾಯಾಲಯ ತೀರ್ಪಿತ್ತಿತು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತ ಆಶಾ ಕಾರ್ಯಕರ್ತೆಯರು ಕೇಳಿದ್ದು ನಿಶ್ಚಿತವಾದ ತಿಂಗಳ ಹಣ. ಮಾಡಿದ ಕೆಲಸ ತಂತ್ರಾಂಶದಲ್ಲಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತದೆ ಎಂಬುದು ಅವರ ಹಳೆಯ ದೂರು. ಮನೆಮನೆಗೆ ಹೋಗುವ, ಸರ್ಕಾರದ ಹಣ ಪಡೆಯುವ, ಯಾರ ನೌಕರರೂ ಅಲ್ಲದ ಹೆಂಗಸರು ಇಲ್ಲಿಯೂ ಇದ್ದಾರೆ.

ಮುಂದೆ ಇನ್ನೂ ಹೆಚ್ಚಾಗುತ್ತಾರೆ. ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಮಕ್ಕಳು ದೂರದೂರಿನಲ್ಲಿರುವ ವೃದ್ಧರ ಮನೆಗಳು ಕರಾವಳಿಯಲ್ಲಿ, ಮಲೆನಾಡಿನಲ್ಲಿ ಬೇಕಾದಷ್ಟಿವೆ. ಇಂದಲ್ಲ ನಾಳೆ ಇಲ್ಲಿಯೂ ಮನೆ ಆರೈಕೆಗೆ ಸಾರ್ವಜನಿಕ ಹಣ ಬರಲೇಬೇಕು. ಬಂದಾಗ ಯೋಜನೆಯ ಮೊದಲ ಪುಟದಲ್ಲೇ ಮಾಲೀಕ ಯಾರು ಎಂದು ಬರೆದಿರಲಿ. ದರ ಗೊತ್ತುಮಾಡುವವರು, ಗಂಟೆ ಅಳೆಯುವವರು ಯಾರೋ ಅವರೇ ಸಂಬಳದ ದಿನಕ್ಕೆ, ಭವಿಷ್ಯ ನಿಧಿಗೆ, ವಿಮೆಗೆ, ಗ್ರಾಚ್ಯುಟಿಗೆ ಹೊಣೆಯಾಗಲಿ. ಯಾರು ಮನೆಯೊಳಗೆ ಬರಬೇಕು ಎಂಬ ಆಯ್ಕೆ ಆರೈಕೆ ಪಡೆಯುವವರಿಗೆ ಇರಲಿ. ದಾರಿಯ ಹೊತ್ತು, ರಾತ್ರಿ ಎದ್ದ ಹೊತ್ತು ಲೆಕ್ಕಕ್ಕೆ ಬರಲಿ. ಕಡಿತವಾಗುವ ಪ್ರತಿ ರೂಪಾಯಿಯೂ ಅವಳು ಓದಬಲ್ಲ ಭಾಷೆಯಲ್ಲಿ, ಅವಳ ಸಂಬಳದ ಚೀಟಿಯಲ್ಲಿ ಕಾಣಲಿ.

ಅಮೆರಿಕದಲ್ಲಿ 2024ರಲ್ಲಿ ಹೊರಟ ನಿಯಮವೊಂದು, ಕೆಲವು ಬಗೆಯ ಮನೆ ಆರೈಕೆಗೆ ಮೆಡಿಕೇಡ್ ಕೊಡುವ ಹಣದಲ್ಲಿ ಶೇ 80ರಷ್ಟು ಆರೈಕೆ ಕೊಡುವವರ ಕೈಗೇ ಸೇರಬೇಕು ಎಂದಿತು. ಜಾರಿಗೆ ಆರು ವರ್ಷಗಳ ಗಡುವು. 2025ರ ಜುಲೈಯಲ್ಲಿ ಅಲ್ಲಿನ ಕಾರ್ಮಿಕ ಇಲಾಖೆ ಇನ್ನೊಂದು ಪ್ರಸ್ತಾವ ಹೊರಡಿಸಿತು: 2013ರ ನಿಯಮವನ್ನು ಹಿಂತೆಗೆದು, ಏಜೆನ್ಸಿಗಳಿಗೆ 1975ರ ವಿನಾಯಿತಿಯನ್ನು ಮರಳಿ ಕೊಡುವುದು. ಅಲ್ಲಿ ನೆಲೆಸಿ ಮತ ಹಾಕುವ ಕನ್ನಡಿಗರು, ಅಪ್ಪ ಅಮ್ಮನನ್ನು ಹಗಲು ಇಂಥ ಹೆಂಗಸರ ಕೈಗೆ ಒಪ್ಪಿಸಿ ಕೆಲಸಕ್ಕೆ ಹೋಗುವವರು, ತಮ್ಮ ಪ್ರತಿನಿಧಿಗೆ ಇದರ ವಿರುದ್ಧ ಒಂದು ಪತ್ರ ಬರೆಯಲಿ.